ವಿಶ್ರಾಂತಿಗೂ ಒಂದು ಪರಿಮಾಣ

ದುಡಿದ ದೇಹಕ್ಕೆ ವಿಶ್ರಾಂತಿ ಬೇಕು. ದಣಿದ ಮನಸ್ಸಿಗೆ ಆಗಾಗ ಸ್ಥಳದ ಬದಲಾವಣೆಯೂ ಬೇಕು. ಗೃಹಸ್ಥಧರ್ಮವು ಇದನ್ನು ನಿರಾಕರಿಸಿಲ್ಲ. ಮುನಿಗಳಿಗೆ ಮಹಾವ್ರತ, ಶ್ರಾವಕರಿಗೆ ಅಣುವ್ರತ ಎಂದು ಆಚಾರ್ಯರು ಮಾರ್ಗವನ್ನು ವಿಂಗಡಿಸಿದ್ದೇ ಸಂಸಾರಿಯ ಅಗತ್ಯಗಳನ್ನು ಅರಿತು. ಆದರೆ ರಜೆಯಲ್ಲಿ ಗಿರಿಧಾಮಕ್ಕೆ ಹೊರಟ ಕುಟುಂಬವು ಮನೆಗೆ ಬೀಗ ಹಾಕುವಾಗ ವ್ರತಗಳನ್ನೂ ಒಳಗೇ ಬಿಟ್ಟು ಹೋಗಬಹುದೇ ಎಂಬುದು ವಿಚಾರಣೀಯ.

ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿಗಳ ಬಯಲುಸೀಮೆಗೆ ಈ ಪ್ರಶ್ನೆ ಹೊಸದಲ್ಲ. ಇಂದು ವಿಜಯನಗರ ಜಿಲ್ಲೆಗೆ ಸೇರಿರುವ ಈ ತಾಲ್ಲೂಕುಗಳ ನೆಲವು ಹಿಂದೆ ಬಳ್ಳಾರಿ ಜಿಲ್ಲೆಯ ಭಾಗವಾಗಿ ಮದರಾಸು ಆಡಳಿತಕ್ಕೆ ಒಳಪಟ್ಟಿತ್ತು. 1953ರ ಅಕ್ಟೋಬರ್ 1ರಂದು ಮೈಸೂರು ರಾಜ್ಯವನ್ನು ಸೇರಿತು. ಬ್ರಿಟಿಷರ ಕಾಲದಲ್ಲಿ ಬೇಸಿಗೆ ಬಂದೊಡನೆ ಮದರಾಸಿನ ಸರ್ಕಾರ ಉದಕಮಂಡಲವನ್ನು ಏರುತ್ತಿತ್ತು. ಬಳ್ಳಾರಿಯ ದಂಡಿನ ಸೈನಿಕರಿಗಾಗಿ ಕೂಡ್ಲಿಗಿಯ ನೆರೆಯ ಸಂಡೂರು ಸಂಸ್ಥಾನದಲ್ಲಿ, ಸುಮಾರು 3200 ಅಡಿ ಎತ್ತರದ ರಾಮನದುರ್ಗದ ಮೇಲೆ, 19ನೆಯ ಶತಮಾನದ ನಡುವಿನಲ್ಲಿ ಆರೋಗ್ಯಧಾಮವೊಂದು ತಲೆಯೆತ್ತಿತು. ಬಿಸಿಲು ಎಲ್ಲರಿಗೂ ಒಂದೇ. ತಂಪು ಮಾತ್ರ ಕೆಲವರದಾಗಿತ್ತು.

1876-78ರ ಮಹಾಕ್ಷಾಮದಲ್ಲಿ ಬಳ್ಳಾರಿ ಸೀಮೆ ಅತ್ಯಂತ ದಾರುಣವಾಗಿ ನರಳಿತು. 1877ರ ಆರಂಭದಲ್ಲಿ ಪರಿಹಾರ ಕಾಮಗಾರಿಗಳ ಕೂಲಿಯನ್ನು ದಿನಕ್ಕೆ ಒಂದು ಪೌಂಡ್ ಧಾನ್ಯ ಮತ್ತು ಅಲ್ಪ ಹಣಕ್ಕೆ ಇಳಿಸಲಾಯಿತು. ಒಂದು ಪೌಂಡ್ ಎಂದರೆ ಅರ್ಧ ಕಿಲೋಗಿಂತಲೂ ಕಡಿಮೆ. 1875ರಿಂದ 1880ರವರೆಗೆ ಗವರ್ನರ್ ಆಗಿದ್ದ ಬಕಿಂಗ್‌ಹ್ಯಾಮ್ ಡ್ಯೂಕರ ಅಧಿಕಾರಾವಧಿಯಲ್ಲಿಯೇ ಉದಕಮಂಡಲದ ಗವರ್ನರ್ ಭವನದ ನಿರ್ಮಾಣವೂ ನಡೆಯಿತು. ಇವೆರಡನ್ನು ಅಕ್ಕಪಕ್ಕದಲ್ಲಿಟ್ಟು ನೋಡಿದಾಗ ಒಂದು ಸತ್ಯ ಗೋಚರಿಸುತ್ತದೆ: ವಿಶ್ರಾಂತಿ ದೋಷವಲ್ಲ, ಅದರ ಭಾರವನ್ನು ಯಾರು ಹೊರುತ್ತಾರೆಂಬುದನ್ನು ಮರೆಯುವುದು ದೋಷ.

ಉದಕಮಂಡಲದ ಕ್ಲಬ್ಬು 1841ರಲ್ಲಿ ಸ್ಥಾಪನೆಗೊಂಡಿತು. ಸ್ನೂಕರ್ ಆಟದ ನಿಯಮಗಳು ಖಚಿತರೂಪ ಪಡೆದು ಗೋಡೆಯನ್ನೇರಿದ್ದು 1880ರ ದಶಕದಲ್ಲಿ, ಅಲ್ಲಿನ ಬಿಲಿಯರ್ಡ್ಸ್ ಕೋಣೆಯಲ್ಲಿ. ಆ ಕಾಲದ ಕ್ಲಬ್ಬುಗಳ ಗೋಡೆಗಳನ್ನು ಬೇಟೆಯಲ್ಲಿ ಕೊಂದ ಪ್ರಾಣಿಗಳ ತಲೆಗಳೂ ಅಲಂಕರಿಸಿದವು. ನೀಲಗಿರಿಯ ಹುಲ್ಲುಗಾವಲುಗಳಲ್ಲಿ ದೊರೆಗಳು ಬೇಟೆನಾಯಿಗಳನ್ನು ಬಿಟ್ಟು ನರಿಗಳನ್ನು ಅಟ್ಟಿಸಿಕೊಂಡು ಹೋಗುತ್ತಿದ್ದರು. ಹಸಿವಿಗಾಗಿ ಅಲ್ಲ, ಆತ್ಮರಕ್ಷಣೆಗಾಗಿಯೂ ಅಲ್ಲ, ಕೇವಲ ವಿನೋದಕ್ಕಾಗಿ. ಪ್ರಯೋಜನವಿಲ್ಲದ ಇಂತಹ ಹಿಂಸೆಗೆ ಜೈನಶಾಸ್ತ್ರವು ಅನರ್ಥದಂಡವೆಂದು ಹೆಸರಿಟ್ಟು, ಅದನ್ನು ತ್ಯಜಿಸುವುದನ್ನು ಶ್ರಾವಕನ ಗುಣವ್ರತಗಳಲ್ಲಿ ಎಣಿಸಿದೆ.

ಹರಪನಹಳ್ಳಿಯ ಕಡೆಯ ಒಂದು ಶ್ರಾವಕ ಕುಟುಂಬವು ಪರಿಚಿತ ಸದಸ್ಯರೊಬ್ಬರ ಅತಿಥಿಗಳಾಗಿ ಇಂತಹ ಹಳೆಯ ಕ್ಲಬ್ಬೊಂದರಲ್ಲಿ ನಾಲ್ಕು ದಿನ ತಂಗಿತೆಂದು ಭಾವಿಸೋಣ. ಹುಲಿಯ ತಲೆಯ ಕೆಳಗೆ ಕುಳಿತು ಹಾಲು ಕುಡಿದ ಮಾತ್ರಕ್ಕೆ ಆ ಹುಲಿಯನ್ನು ಕೊಂದ ಪಾಪ ಅವರಿಗೆ ತಟ್ಟುವುದೇ? ಕೃತ, ಕಾರಿತ, ಅನುಮೋದನೆ ಎಂದು ಕರ್ಮಕ್ಕೆ ಮೂರು ದ್ವಾರಗಳು. ಅವರು ಕೊಲ್ಲಲಿಲ್ಲ, ಕೊಲ್ಲಿಸಲೂ ಇಲ್ಲ. ಉಳಿದದ್ದು ಮೂರನೆಯ ದ್ವಾರ. ಇದನ್ನು ಯಾರು ಕೊಂದರು, ಏಕೆ ಕೊಂದರು ಎಂದು ಮಗು ಕೇಳಿದಾಗ, ಅದು ಆ ಕಾಲದ ಗತ್ತು ಎಂದು ತಂದೆ ಮೆಚ್ಚುಗೆಯಿಂದ ನುಡಿದರೆ ಆ ದ್ವಾರ ತೆರೆಯಿತು. ಮೋಜಿಗಾಗಿ ಕೊಂದರು, ಅದು ತಪ್ಪು, 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ ನಂತರ ನೆಲದ ಕಾನೂನೂ ಅದನ್ನು ಒಪ್ಪುವುದಿಲ್ಲ ಎಂದು ತಿಳಿಸಿದರೆ ಮುಚ್ಚಿತು. ಸ್ಥಳವು ಭಾವವನ್ನು ಪ್ರೇರಿಸಬಲ್ಲದು. ಆದರೆ ಬಂಧಕ್ಕೆ ಕಾರಣವಾಗುವುದು ಭಾವವೇ.

ಅದೇ ಕುಟುಂಬವು ಸೂರ್ಯಾಸ್ತಕ್ಕೆ ಮುನ್ನ ಉಣ್ಣುವ ನಿಯಮದ್ದು, ಗಡ್ಡೆಗೆಣಸುಗಳನ್ನು ತ್ಯಜಿಸಿದ್ದು. ಕ್ಲಬ್ಬಿನ ಊಟದ ವೇಳೆ ರಾತ್ರಿ ಎಂಟು ಗಂಟೆ. ಅಡುಗೆಯಲ್ಲಿ ಆಲೂಗಡ್ಡೆ ಧಾರಾಳ. ರಜೆಯಲ್ಲವೇ ಎಂದು ನಿಯಮ ಮುರಿಯುವುದು ಒಂದು ದಾರಿ. ಮಧ್ಯಾಹ್ನದ ಬಿಡುವಿನಲ್ಲಿರುವ ಅಡುಗೆಯವನನ್ನು ಎಬ್ಬಿಸಿ, ತಮಗಾಗಿ ಪ್ರತ್ಯೇಕ ಪಾಕವನ್ನು ಅಧಿಕಾರದಿಂದ ಕೇಳುವುದು ಇನ್ನೊಂದು ದಾರಿ. ಮೊದಲನೆಯದರಲ್ಲಿ ವ್ರತಭಂಗವಿದೆ, ಎರಡನೆಯದರಲ್ಲಿ ವ್ರತ ಉಳಿದರೂ ಕರುಣೆ ಉಳಿಯುವುದಿಲ್ಲ. ತಂದ ಅವಲಕ್ಕಿ, ಹಣ್ಣುಗಳಲ್ಲಿ ಸಂಜೆಯನ್ನು ಕಳೆಯುವುದು ಮೂರನೆಯ ದಾರಿ. ವ್ರತದ ಕಷ್ಟವನ್ನು ವ್ರತಿಯೇ ವಹಿಸಬೇಕಲ್ಲದೆ ಬಡಿಸುವವನ ತಲೆಗೆ ಕಟ್ಟಬಾರದು.

ಕ್ಲಬ್ಬಿಗೂ ನಿಯಮಗಳುಂಟು, ಶ್ರಾವಕನಿಗೂ ನಿಯಮಗಳುಂಟು. ಸದಸ್ಯರಿಗೂ ಅವರ ಅತಿಥಿಗಳಿಗೂ ಮಾತ್ರ ಪ್ರವೇಶ, ಇಂತಹುದೇ ಉಡುಪು, ಇಂತಹುದೇ ಪಾದರಕ್ಷೆ ಎಂಬುದು ಕ್ಲಬ್ಬಿನ ಕಟ್ಟಳೆ. ಇಷ್ಟು ದೂರಕ್ಕಿಂತ ಹೆಚ್ಚು ಸಂಚರಿಸೆನು ಎಂಬುದು ದಿಗ್ವ್ರತ. ಇಷ್ಟು ವಸ್ತುಗಳಿಗಿಂತ ಹೆಚ್ಚು ಅನುಭವಿಸೆನು ಎಂಬುದು ಭೋಗೋಪಭೋಗ ಪರಿಮಾಣವ್ರತ. ಮೇಲ್ನೋಟಕ್ಕೆ ಎರಡೂ ಶಿಸ್ತುಗಳೇ. ಆದರೆ ಕ್ಲಬ್ಬಿನ ನಿಯಮವು ಮತ್ತೊಬ್ಬರ ಮುಂದೆ ಗೋಡೆಯನ್ನು ಕಟ್ಟುತ್ತದೆ; ವ್ರತವು ತನ್ನ ಮುಂದೆ ತಾನೇ ಗೆರೆಯನ್ನು ಎಳೆದುಕೊಳ್ಳುತ್ತದೆ. ಮೊದಲನೆಯದು ಒಳಗಿರುವವನ ಅಭಿಮಾನವನ್ನು ಪೋಷಿಸಿದರೆ, ಎರಡನೆಯದು ಅದನ್ನು ಕರಗಿಸುತ್ತದೆ.

ಈ ಅಳತೆಗೋಲು ಕ್ಲಬ್ಬುಗಳಿಗೆ ಮಾತ್ರ ಸೀಮಿತವಲ್ಲ. ಕ್ಷೇತ್ರಕ್ಕೆ ಹೋದೆವೆಂದ ಮಾತ್ರಕ್ಕೆ ಪ್ರವಾಸವು ಯಾತ್ರೆಯಾಗದು. ಬಸದಿಗಳ ಆಡಳಿತ ಮಂಡಳಿಗಳು ಕಟ್ಟಿಸುವ ಅತಿಥಿಗೃಹಗಳಲ್ಲಿ ದೇಣಿಗೆಯ ಮೊತ್ತವನ್ನು ನೋಡಿ ಕೋಣೆ ಹಂಚುವ ಪದ್ಧತಿ ಬಂದರೆ, ದೂರದ ಹಳ್ಳಿಯಿಂದ ಬಂದ ವೃದ್ಧೆ ಪಡಸಾಲೆಯಲ್ಲಿ ಚಾಪೆ ಹಾಸಿಕೊಳ್ಳುವಾಗ ದಾನಿಯ ಕೋಣೆ ಖಾಲಿಯಿದ್ದು ಬೀಗ ಹೊತ್ತಿದ್ದರೆ, ಅಲ್ಲಿಯೂ ಕ್ಲಬ್ಬಿನ ಗೋಡೆಯೇ ಎದ್ದಿತೆನ್ನಬೇಕು. ಪಾರ್ಶ್ವನಾಥ ಬಸದಿಯ ಪ್ರಾಚೀನ ಪರಂಪರೆಯುಳ್ಳ ಕೋಗಳಿಯಂತಹ ಊರು ಇದೇ ಸೀಮೆಯಲ್ಲಿದೆ. ಅಲ್ಲಿಗೊಮ್ಮೆ ಬುತ್ತಿ ಕಟ್ಟಿಕೊಂಡು ಹೋಗಿ ಮರದ ನೆರಳಿನಲ್ಲಿ ಒಂದು ದಿನ ಕುಳಿತು ಬರುವುದೂ ವಿಶ್ರಾಂತಿಯೇ.

ಮಳೆಗಾಲದಲ್ಲಿ ಮುನಿಗಳು ಚಾತುರ್ಮಾಸಕ್ಕೆ ಒಂದೆಡೆ ನಿಲ್ಲುವುದು ತಮ್ಮ ಸುಖಕ್ಕಾಗಿ ಅಲ್ಲ, ಹಾದಿಯ ಮೇಲಿನ ಸೂಕ್ಷ್ಮಜೀವಿಗಳ ರಕ್ಷಣೆಗಾಗಿ. ತಾನು ನಿಲ್ಲುವುದರಿಂದ ಮತ್ತೊಂದು ಜೀವಕ್ಕೆ ನೆಮ್ಮದಿ ಎಂಬ ಆ ಭಾವ ಗೃಹಸ್ಥನಿಗೂ ಅಲ್ಪಪ್ರಮಾಣದಲ್ಲಿ ಸಾಧ್ಯ. ವ್ರತಗಳನ್ನು ಜೀವನಪರ್ಯಂತ ಯಮವಾಗಿಯೂ ನಿಯತಕಾಲಕ್ಕೆ ನಿಯಮವಾಗಿಯೂ ಸ್ವೀಕರಿಸಲು ಅವಕಾಶವಿದೆ. ಪ್ರವಾಸ ಹೊರಡುವ ಮುನ್ನ ಮನೆಮಂದಿಯೆಲ್ಲ ಕುಳಿತು ಎಷ್ಟು ದಿನ, ಎಷ್ಟು ದೂರ, ಎಷ್ಟು ವೆಚ್ಚ, ಯಾವುದನ್ನು ತ್ಯಜಿಸುವುದು ಎಂದು ನಿಶ್ಚಯಿಸಿಕೊಳ್ಳಲಿ. ಹಾಗೆ ಹೊರಟವರಿಗೆ ಬೆಟ್ಟದ ತಂಪು ನಿಷಿದ್ಧವಲ್ಲ. ಸೇವೆ ಮಾಡಿದವರ ಹೆಸರನ್ನು ಕೇಳಿ ತಿಳಿದು, ಅವರಿಗೆ ಕೃತಜ್ಞತೆ ಹೇಳಿ ಬೆಟ್ಟವಿಳಿದರೆ ಸಾಕು.