ಬಲೆಯ ಕಣ್ಣು ಮತ್ತು ಸಂಕಲ್ಪ

ಹಿಂಸೆಯ ಹೊಣೆ ಕೊಂದ ಕೈಯದೋ ಕೊಲ್ಲಬಯಸಿದ ಮನಸ್ಸಿನದೋ ಎಂಬ ಪ್ರಶ್ನೆಗೆ ಜೈನ ಆಚಾರ್ಯರು ಕೊಟ್ಟ ಉತ್ತರ ಮೀನುಗಾರನ ಪಾಲಿಗೆ ಬಹಳ ಕಠಿಣವಾದುದು. ರಾಷ್ಟ್ರಕೂಟರ ಕಾಲದಲ್ಲಿ, ಕ್ರಿ.ಶ. 959ರಲ್ಲಿ, ಸೋಮದೇವಸೂರಿ ರಚಿಸಿದ ಸಂಸ್ಕೃತದ ‘ಯಶಸ್ತಿಲಕ ಚಂಪೂ’ ಉಳುವವನನ್ನೂ ಬೆಸ್ತನನ್ನೂ ಎದುರುಬದುರು ನಿಲ್ಲಿಸಿ, ನೇಗಿಲಿಗೆ ಸಿಕ್ಕಿ ಎಷ್ಟೋ ಜೀವಿಗಳು ಸತ್ತರೂ ರೈತನಿಗೆ ಪಾಪವಿಲ್ಲ, ಬಲೆಗೆ ಒಂದು ಮೀನೂ ಬೀಳದಿದ್ದರೂ ಬೆಸ್ತನಿಗೆ ಪಾಪವುಂಟು ಎಂಬ ನಿಲುವನ್ನು ಮಂಡಿಸುತ್ತದೆ. ಕೊಲ್ಲುವ ಉದ್ದೇಶದಿಂದಲೇ ನಡೆಯುವ ಸಂಕಲ್ಪೀ ಹಿಂಸೆ ಬೇರೆ, ಮನೆವಾರ್ತೆಯಲ್ಲಿ ಆಗಿಹೋಗುವ ಆರಂಭೀ ಹಿಂಸೆಯೂ ಜೀವನೋಪಾಯದ ದುಡಿಮೆಯಲ್ಲಿ ತಪ್ಪಿಸಲಾಗದ ಉದ್ಯೋಗೀ ಹಿಂಸೆಯೂ ಬೇರೆ ಎಂಬ ಭೇದ ಈ ವಾದದ ತಳಹದಿ. ಹಿಟ್ಟಿನ ಕೋಳಿಯನ್ನು ಬಲಿಕೊಟ್ಟ ಅರಸನನ್ನು ಜನ್ನನ ‘ಯಶೋಧರ ಚರಿತೆ’ (1209) ಭವಭವಾಂತರಗಳಲ್ಲಿ ಅಲೆಸಿ, ಅವುಗಳಲ್ಲೊಂದರಲ್ಲಿ ಮೀನಾಗಿ ಹುಟ್ಟಿಸುವುದೂ ಇದೇ ನೆಲೆಯಿಂದ.

ತುಮಕೂರು ನಗರದ ಹೊರಗೆ, ಪಂಡಿತನಹಳ್ಳಿಯ ಬಳಿ, ಜನ ಬಸದಿ ಬೆಟ್ಟವೆಂದು ಕರೆಯುವ ಮಂದರಗಿರಿಯಿದೆ. ದಿಗಂಬರ ಮುನಿಗಳು ಕೂರುವ ಮುನ್ನ ನೆಲದ ಹುಳುಹುಪ್ಪಟೆಗಳನ್ನು ನೋಯಿಸದೆ ಸರಿಸಲು ಬಳಸುವ ನವಿಲುಗರಿಯ ಪಿಂಛಿಯ ಆಕಾರದಲ್ಲಿಯೇ ಅಲ್ಲಿನ ಗುರುಮಂದಿರವನ್ನು ಕಟ್ಟಲಾಗಿದೆ. ಬೆಟ್ಟದ ಮಗ್ಗುಲಲ್ಲಿ ಮೈದಾಳ ಕೆರೆ ಹರಡಿಕೊಂಡಿದೆ. ಕೆರೆಯನ್ನೇ ನಂಬಿ ಬದುಕಿದ ಇಂಥ ಸೀಮೆಯಲ್ಲಿ ಸೋಮದೇವನ ಭೇದವನ್ನು ಮತ್ತೆ ಪರಿಶೀಲಿಸಬೇಕಾಗುತ್ತದೆ. ಗುಬ್ಬಿ ತಾಲ್ಲೂಕಿನ ಕಡಬದ ಕೆರೆ, ಕುಣಿಗಲಿನ ದೊಡ್ಡಕೆರೆ, ಶಿಂಷಾ ನದಿಗೆ ಕಟ್ಟಿದ ಮಾರ್ಕೋನಹಳ್ಳಿ ಜಲಾಶಯ ಮೊದಲಾದ ಕಡೆಗಳಲ್ಲಿ ಗದ್ದೆಗೂ ಬಲೆಗೂ ಒಂದೇ ನೀರು ಆಧಾರ. ಬೇಸಿಗೆಯಲ್ಲಿ ತೂಬೆತ್ತಿ ಉಳಿದ ನೀರನ್ನೆಲ್ಲ ಬೆಳೆಗೆ ಹರಿಸುವವನಿಗೆ, ಕೆಸರಿನಲ್ಲಿ ಸಿಕ್ಕಿಕೊಂಡ ಮೀನು ಬಾಯಿ ಬಿಡುತ್ತ ಸಾಯುತ್ತದೆಂಬುದು ಚೆನ್ನಾಗಿ ಗೊತ್ತಿರುತ್ತದೆ. ಅವನು ಅದನ್ನು ಬಯಸುವುದಿಲ್ಲ, ನಿಜ. ಆದರೆ ಗೊತ್ತಿದ್ದೂ ಮಾಡಿದ್ದಕ್ಕೂ ಬಯಸಿ ಮಾಡಿದ್ದಕ್ಕೂ ನಡುವಿನ ಅಂತರ, ಒಬ್ಬನನ್ನು ಪೂರ್ತಿ ಬಿಡುಗಡೆ ಮಾಡಿ ಇನ್ನೊಬ್ಬನನ್ನು ಪೂರ್ತಿ ದೋಷಿಯೆನ್ನುವಷ್ಟು ದೊಡ್ಡದಲ್ಲ.

ಇಂದಿನ ಕೆರೆಯ ಮೀನು ಈ ಪ್ರಶ್ನೆಯನ್ನು ಇನ್ನಷ್ಟು ಜಟಿಲಗೊಳಿಸಿದೆ. ಕಟ್ಲಾ, ರೋಹು ಜಾತಿಯ ಗೆಂಡೆಗಳು ಹರಿವ ಹೊಳೆಯಲ್ಲಿ ಮೊಟ್ಟೆಯಿಡುವವೇ ಹೊರತು ನಿಂತ ನೀರಿನಲ್ಲಿ ಸಾಮಾನ್ಯವಾಗಿ ಇಡುವುದಿಲ್ಲ. 1957ರಲ್ಲಿ ಒಡಿಶಾದಲ್ಲಿ ವಿಜ್ಞಾನಿ ಹೀರಾಲಾಲ್ ಚೌಧುರಿಯವರು ಪಿಟ್ಯುಟರಿ ಗ್ರಂಥಿಯ ಸಾರವನ್ನು ಚುಚ್ಚಿ ಇಂಥ ಗೆಂಡೆಗಳಿಂದ ಮೊಟ್ಟೆಯಿಡಿಸುವ ಪ್ರೇರಿತ ಸಂತಾನೋತ್ಪತ್ತಿಯ ವಿಧಾನವನ್ನು ಸಾಧಿಸಿದ ಮೇಲೆ, ಸಾಕಣೆ ಕೇಂದ್ರಗಳಿಂದ ಮೀನುಮರಿಗಳನ್ನು ತಂದು ಕೆರೆಗಳಿಗೆ ಬಿಡುವುದು ವಾಡಿಕೆಯಾಯಿತು. ಹಾಗಾಗಿ ಬಲೆ ಬೀಸುವುದಕ್ಕೆ ಎಷ್ಟೋ ತಿಂಗಳು ಮೊದಲೇ ಕೊಲ್ಲುವ ಸಂಕಲ್ಪ ಹುಟ್ಟಿರುತ್ತದೆ, ಮತ್ತು ಅದು ಬೆಸ್ತನೊಬ್ಬನದಲ್ಲ. ಮರಿ ಬೆಳೆಸಿದವರು, ಕೆರೆಯನ್ನು ಗುತ್ತಿಗೆಗೆ ಕೊಟ್ಟವರು, ಸಂತೆಯಲ್ಲಿ ತೂಗಿಸಿಕೊಂಡವರು, ಎಲ್ಲರೂ ಅದರ ಪಾಲುದಾರರು. ಪಾಪವನ್ನು ಮಾತ್ರ ಒಂದು ಜಾತಿಯ ಹೆಗಲಿಗೆ ಹೊರಿಸಿದ್ದು ಅನ್ಯಾಯವೆಂದೇ ಹೇಳಬೇಕು. ಕುಣಿಗಲ್ ತಾಲ್ಲೂಕಿನ ಎಡೆಯೂರಿನಲ್ಲಿ ನೆಲೆನಿಂತ ತೋಂಟದ ಸಿದ್ಧಲಿಂಗ ಯತಿಗಳು ಮುಂದುವರಿಸಿದ ಶರಣಪಂಥ, ದುಡಿಮೆಯನ್ನು ಕಾಯಕವೆಂದು ಎತ್ತಿಹಿಡಿದು ದೋಣಿ ನಡೆಸುವ ಅಂಬಿಗರ ಚೌಡಯ್ಯನಿಗೂ ವಚನಕಾರನ ಪಟ್ಟ ಕೊಟ್ಟಿತು. ದಯೆಯೇ ಧರ್ಮದ ಮೂಲವೆಂದು ಸಾರಿದ್ದೂ ಅದೇ ಪಂಥವಾದ್ದರಿಂದ ಬಲೆಯ ಪ್ರಶ್ನೆ ಅಲ್ಲಿಯೂ ಮುಗಿಯುವುದಿಲ್ಲ.

ಬೆಸ್ತನ ಬಗ್ಗೆ ಅಷ್ಟು ನಿಷ್ಠುರನಾದ ಸೋಮದೇವನೇ ತನ್ನ ಗ್ರಂಥದಲ್ಲಿ ಮೃಗಸೇನನೆಂಬ ಬೆಸ್ತನ ಕಥೆಯನ್ನೂ ಹೇಳಿದ್ದಾನೆ. ಮೊದಲು ಬಲೆಗೆ ಬಿದ್ದ ಮೀನನ್ನು ಕೊಲ್ಲದೆ ಬಿಡಬೇಕೆಂದು ಮುನಿಯೊಬ್ಬರಿಂದ ವ್ರತ ಪಡೆದ ಮೃಗಸೇನ, ಸಿಕ್ಕಿದ ಮೀನಿಗೆ ಬಟ್ಟೆಯ ಚೂರು ಕಟ್ಟಿ ಬಿಡುತ್ತಾನೆ. ಅದೇ ಮೀನು ಮತ್ತೆ ಮತ್ತೆ ಬಲೆಗೆ ಬೀಳುತ್ತದೆ, ಐದು ಸಲವೂ ಬಿಟ್ಟು ಬರಿಗೈಯಲ್ಲಿ ಮನೆಗೆ ಮರಳುತ್ತಾನೆ. ಕಸುಬು ಬಿಡು ಎನ್ನದೆ ಒಂದು ಮೀನನ್ನು ಬಿಡು ಎಂದ ಮುನಿಯ ಮಾತು, ರೈತ-ಬೆಸ್ತರ ಹೋಲಿಕೆಗಿಂತ ಹೆಚ್ಚು ಆಳವಾದುದು.

ಆದರೆ ಈ ವ್ರತ ನಡೆಯುವುದಕ್ಕೆ ಬಲೆಯೂ ಒಪ್ಪಬೇಕು. ಬೀಸುಬಲೆಯ ಮೀನನ್ನು ಜೀವಂತವಾಗಿ ನೀರಿಗೆ ಬಿಡಬಹುದು. ಜಲಾಶಯಗಳಲ್ಲಿ ರಾತ್ರಿಯೆಲ್ಲ ಕಟ್ಟಿರುವ ಕಿವಿರುಬಲೆಯಲ್ಲಿ ಮೀನಿನ ತಲೆ ಬಲೆಯ ಕಣ್ಣಿನೊಳಗೆ ನುಗ್ಗಿ, ನೂಲು ಕಿವಿರಿನ ಹಿಂದೆ ಬಿಗಿದು, ಮುಂದೆ ಹೋಗಲೂ ಹಿಂದೆ ಬರಲೂ ಆಗದೆ ಅದು ಒದ್ದಾಡುತ್ತದೆ. ಬೆಳಗ್ಗೆ ಬಿಡಿಸುವ ಹೊತ್ತಿಗೆ ಕಿವಿರು ಹರಿದು, ಬಿಟ್ಟರೂ ಬದುಕುವುದು ಅನುಮಾನ. ಅಲ್ಲಿ ಬಿಡುವ ತೀರ್ಮಾನವನ್ನು ಬಲೆ ಹೆಣೆಯುವಾಗಲೇ ಮಾಡಬೇಕಾಗುತ್ತದೆ. ಕಣ್ಣು ನಾಲ್ಕು ಬೆರಳಗಲವಿದ್ದರೆ, ಬಟ್ಟೆಯ ಗುರುತಿನ ಹಂಗಿಲ್ಲದೆ, ಈ ವರ್ಷದ ಮರಿ ಅದರೊಳಗಿಂದ ತಾನೇ ನುಸುಳಿ ಆಚೆಯ ನೀರಿಗೆ ಹೋಗುತ್ತದೆ.