ಆಜ್ಞೆ ಮತ್ತು ಪ್ರಾಣ

ಮೇಲಿನವನ ಆಜ್ಞೆಗೂ ಕೆಳಗಿನವರ ಪ್ರಾಣಕ್ಕೂ ನಡುವೆ ನಿಂತವನ ಧರ್ಮವಾವುದು? 1998ರಲ್ಲಿ ಟೆರೆನ್ಸ್ ಮ್ಯಾಲಿಕರು ನಿರ್ದೇಶಿಸಿದ ‘ದಿ ಥಿನ್ ರೆಡ್ ಲೈನ್’ ಚಲಚ್ಚಿತ್ರವು ಈ ಪ್ರಶ್ನೆಯನ್ನೆತ್ತುತ್ತದೆ. ಪೆಸಿಫಿಕ್ ಸಾಗರದ ಗ್ವಾಡಲ್‌ಕನಾಲ್ ದ್ವೀಪಕ್ಕಾಗಿ ಅಮೆರಿಕನ್ನರೂ ಜಪಾನೀಯರೂ 1942-43ರಲ್ಲಿ ಕಾದಿದರಷ್ಟೆ. ಅಲ್ಲಿ ಯಂತ್ರಬಂದೂಕುಗಳು ಕಾಯುತ್ತಿದ್ದ ಗುಡ್ಡವನ್ನು ಎದುರಿನಿಂದಲೇ ಏರಬೇಕೆಂದು ಕರ್ನಲ್ ಟಾಲನು ಆಜ್ಞಾಪಿಸಲು, ಕ್ಯಾಪ್ಟನ್ ಸ್ಟಾರೋಸನು ತನ್ನವರನ್ನು ಸಾವಿಗಟ್ಟಲಾರೆನೆಂದು ನಿರಾಕರಿಸುತ್ತಾನೆ.

ಇಲ್ಲಿಗೇ ಕಥೆ ಮುಗಿದಿದ್ದರೆ ತೀರ್ಪು ಸುಲಭವಾಗುತ್ತಿತ್ತು. ಆದರೆ ಬಳಿಕ ಕೆಲವೇ ಮಂದಿ ತೆವಳುತ್ತ ಹತ್ತಿ ಗುಡ್ಡವನ್ನು ಗೆಲ್ಲುತ್ತಾರೆ. ಸ್ಟಾರೋಸನು ಅಧಿಕಾರವನ್ನು ಕಳೆದುಕೊಳ್ಳುತ್ತಾನೆ. ಹಾಗಾದರೆ ಟಾಲನೇ ಸರಿಯೆ? ನನಗಂತೂ ಹಾಗೆ ತೋರದು. ಗೆಲವು ಆಮೇಲೆ ಬಂದದ್ದು. ಆಜ್ಞೆ ಬಂದ ಗಳಿಗೆಯಲ್ಲಿ ಆತನಿಗೆ ಕಂಡದ್ದು ಗಾಯಗೊಂಡು ನರಳುವ ತನ್ನವರು. ಬಡ್ತಿ ತಪ್ಪೀತೆಂಬ ಅಂಜಿಕೆ ಟಾಲನಿಗಿದ್ದಿತು; ಇವನು ಅಂಜಿದ್ದು ಪರರ ಪ್ರಾಣಕ್ಕೆ. ದ್ವೀಪವನ್ನು ಬಿಡುವಾಗ ಸ್ಟಾರೋಸನು ತನ್ನ ಸೈನಿಕರನ್ನು ಮಕ್ಕಳೆಂದೇ ಕರೆಯುತ್ತಾನೆ.