ಸಂದಿಯ ಮೇಲೆ ಸಂದಿ ಬಾರದಂತೆ

ಮೈನ್‌ಕ್ರಾಫ್ಟ್ ಆಟದಲ್ಲಿ ಇಟ್ಟಿಗೆ ಸುಲಭಕ್ಕೆ ದಕ್ಕುವ ಸಾಮಾನಲ್ಲ. ಮೊದಲು ಹೊಳೆಯ ತಳದಲ್ಲೋ ಕೆರೆಯ ತಳದಲ್ಲೋ ಬೂದುಬಣ್ಣದ ಜೇಡಿಮಣ್ಣು ಹುಡುಕಬೇಕು. ಒಂದು ಘನ ಅಗೆದರೆ ನಾಲ್ಕು ಉಂಡೆ ಮಣ್ಣು ಸಿಗುತ್ತದೆ. ಆ ಉಂಡೆಗಳನ್ನು ಕುಲುಮೆಗೆ ಹಾಕಿ ಸುಡಬೇಕು. ಒಂದೊಂದಕ್ಕೂ ಹತ್ತು ಸೆಕೆಂಡು. ಒಂದು ತುಂಡು ಕಲ್ಲಿದ್ದಲಿಗೆ ಎಂಟು ಉಂಡೆ ಬೇಯುತ್ತವೆ. ಬೆಂದ ನಾಲ್ಕು ಇಟ್ಟಿಗೆ ಕೂಡಿಸಿದಾಗ ಗೋಡೆಗೆ ಇಡುವಂಥ ಒಂದು ಘನ. ಹತ್ತು ಘನ ಉದ್ದ, ಐದು ಘನ ಎತ್ತರದ ಸಣ್ಣದೊಂದು ಗೋಡೆಗೆ ಬೇಕಾದದ್ದು 200 ಇಟ್ಟಿಗೆ, 25 ತುಂಡು ಕಲ್ಲಿದ್ದಲು, ಕುಲುಮೆ ಒಂದೇ ಇದ್ದರೆ ಅರ್ಧ ತಾಸಿಗೂ ಮಿಕ್ಕಿದ ಕಾಯುವಿಕೆ. ಇಷ್ಟೆಲ್ಲ ಆದ ಮೇಲೆ ಒಂದೊಂದನ್ನೇ ಇಡುತ್ತ ಹೋಗಬೇಕು.

ಇದೇ ಆಟದಲ್ಲಿ ಇನ್ನೊಂದು ದಾರಿಯೂ ಉಂಟು. ಒಂದು ಸಾಲಿನ ಆಜ್ಞೆ ಬರೆದರೆ ಸಾಕು, 32,768 ಘನಗಳು ಕಣ್ಣುಮುಚ್ಚಿ ತೆರೆಯುವುದರೊಳಗೆ ಬಂದು ಕೂರುತ್ತವೆ. ಎರಡೂ ಗೋಡೆಗಳು ನೋಡಲು ಒಂದೇ. ಹಾಗಿದ್ದೂ ಕೈಯಾರೆ ಇಡುವವರು ಇಡುತ್ತಲೇ ಇದ್ದಾರೆ. ಸ್ವೀಡನ್ನಿನ ಮಾರ್ಕಸ್ ಪೆರ್ಸನ್ 2009ರ ಮೇ ತಿಂಗಳಲ್ಲಿ ಜನರ ಮುಂದಿಟ್ಟ ಈ ಆಟ 2023ರ ಹೊತ್ತಿಗೆ 30 ಕೋಟಿಗೂ ಹೆಚ್ಚು ಪ್ರತಿ ಮಾರಾಟವಾಗಿತ್ತು. ಜಮಖಂಡಿ, ಮುಧೋಳ, ಬೀಳಗಿ, ರಬಕವಿ-ಬನಹಟ್ಟಿಯ ಮನೆಗಳಲ್ಲೂ ಮೊಬೈಲಿನ ಮೇಲೆ ಇದನ್ನೋ ಇದರಂಥದೇ ಇನ್ನೊಂದನ್ನೋ ಆಡುವ ಮಕ್ಕಳಿದ್ದಾರೆ. ಹೊತ್ತು ಹಾಳು ಎಂದು ಹಿರಿಯರು ಗದರುತ್ತಾರೆ. ಗದರುವ ಮೊದಲು ಕೇಳಿಕೊಳ್ಳಬೇಕಾದ ಪ್ರಶ್ನೆಯೊಂದಿದೆ, ಅದು ಮೊಬೈಲಿಗಿಂತ ಬಹಳ ಹಳೆಯದು: ಉಳಿಯದ ಕಟ್ಟಡಕ್ಕೆ ಒಂದೊಂದೇ ಇಟ್ಟಿಗೆಯನ್ನು ಮನಸ್ಸಿಟ್ಟು ಇಡುವುದರಲ್ಲಿ ಏನಿದೆ?

ಕಠೋಪನಿಷತ್ತಿನಲ್ಲಿ ಯಮನು ನಚಿಕೇತನಿಗೆ ಆತ್ಮದ ಮಾತು ಹೇಳುವ ಮುಂಚೆ ಇಟ್ಟಿಗೆಯ ಮಾತು ಹೇಳುತ್ತಾನೆ. ಅಗ್ನಿವೇದಿಗೆ ಯಾವ ಇಟ್ಟಿಗೆ, ಎಷ್ಟು, ಹೇಗೆ ಇಡಬೇಕು ಎಂಬುದೇ ಅಲ್ಲಿನ ಪಾಠ. ಹುಡುಗ ಕೇಳಿದ್ದನ್ನು ಹಾಗೆಯೇ ತಿರುಗಿ ಒಪ್ಪಿಸಿದಾಗ ಯಮ ಸಂತೋಷಪಟ್ಟು ಆ ಅಗ್ನಿಗೆ ಅವನ ಹೆಸರನ್ನೇ ಇಡುತ್ತಾನೆ. ಸಾವಿನ ಆಚೆ ಏನಿದೆ ಎಂಬ ಪ್ರಶ್ನೆಗೆ ಹೋಗುವ ದಾರಿಯಲ್ಲಿ ಇಟ್ಟಿಗೆ ಎಣಿಸುವ ಕೆಲಸ ಏಕೆ ಬಂತು ಎಂದು ಓದುಗರಿಗೆ ಅನಿಸಿದರೆ ಸಹಜವೇ.

ವೇದಕಾಲದ ಅಗ್ನಿಚಯನ ಆ ಎಣಿಕೆಯ ಪೂರ್ಣರೂಪ. ಹಕ್ಕಿಯಾಕಾರದ ವೇದಿ, ಐದು ಪದರು, ವೇದಿಯ ಅಳತೆ ಹೇಳುವ ಶುಲ್ಬಸೂತ್ರಗಳ ಲೆಕ್ಕದಲ್ಲಿ ಪದರಿಗೆ 200ರಂತೆ ಒಟ್ಟು 1,000 ಇಟ್ಟಿಗೆ. ಇಡುವಾಗ ಮಂತ್ರ ಬೇಕು. ಕೆಲವು ಇಟ್ಟಿಗೆಗಳಿಗೆ ತಮ್ಮದೇ ಮಂತ್ರ, ತಮ್ಮದೇ ಹೆಸರು. ಎಡೆ ತುಂಬಲು ಇಡುವ ಸಾಮಾನ್ಯ ಇಟ್ಟಿಗೆಗೂ ಮಂತ್ರ ತಪ್ಪಿದ್ದಲ್ಲ. 1975ರ ಏಪ್ರಿಲ್‌ನಲ್ಲಿ ಕೇರಳದ ಪಾಂಞಾಳ್ ಊರಿನಲ್ಲಿ ನಂಬೂದಿರಿಗಳು ಇದನ್ನು ಹನ್ನೆರಡು ದಿನ ನಡೆಸಿದಾಗ ಡಚ್ ಪಂಡಿತ ಫ್ರಿಟ್ಸ್ ಸ್ಟಾಲ್ ಮುಂದೆ ನಿಂತು ಪೂರ್ತಿ ದಾಖಲು ಮಾಡಿಸಿದರು. ಎಲ್ಲ ಮುಗಿದ ಮೇಲೆ ಯಜ್ಞದ ಚಪ್ಪರಕ್ಕೆ ಬೆಂಕಿ ಇಟ್ಟು ಎದ್ದು ಹೋಗುವುದು ಅಲ್ಲಿನ ಪದ್ಧತಿ. ಕಟ್ಟಿದವರು ಅದರಲ್ಲಿ ವಾಸಿಸುವುದಿಲ್ಲ, ಮಕ್ಕಳಿಗೆ ಬಿಟ್ಟುಹೋಗುವುದೂ ಇಲ್ಲ.

ಇಷ್ಟು ನೋಡಿದ ಸ್ಟಾಲ್ 1979ರಲ್ಲಿ ಒಂದು ಪ್ರಬಂಧ ಬರೆದರು. ಕ್ರಿಯಾವಿಧಿಗೆ ಅರ್ಥವೆಂಬುದಿಲ್ಲ, ಅಲ್ಲಿ ಮುಖ್ಯವಾದದ್ದು ನಿಯಮ ಮಾತ್ರ, ತಪ್ಪಿಲ್ಲದೆ ಮಾಡುವುದೇ ಅದರ ಗುರಿ ಎಂಬುದು ಅವರ ವಾದ. ಒಪ್ಪುವುದಾದರೆ ಯಜ್ಞವೂ ಆಟವೂ ಬಹಳ ಹತ್ತಿರ ಬರುತ್ತವೆ. ಆದರೆ ಶುಲ್ಬಕಾರರ ಒಂದು ನಿಯಮ ಈ ವಾದಕ್ಕೆ ಅಡ್ಡ ನಿಲ್ಲುತ್ತದೆ. ಒಂದು ಪದರಿನ ಸಂದಿಯ ಮೇಲೆ ಮುಂದಿನ ಪದರಿನ ಸಂದಿ ಬೀಳಕೂಡದು. ಅದಕ್ಕೆಂದೇ ಒಂದು, ಮೂರು, ಐದನೆಯ ಪದರಿಗೆ ಒಂದು ಜೋಡಣೆ. ಎರಡು, ನಾಲ್ಕನೆಯದಕ್ಕೆ ಬೇರೆ ಜೋಡಣೆ.

ಇದೇ ಮಾತನ್ನು ಮುಧೋಳದಲ್ಲೋ ಜಮಖಂಡಿಯಲ್ಲೋ ಮನೆ ಕಟ್ಟುವ ಗೌಂಡಿ, ಕೈಕೆಳಗಿನ ಹೊಸ ಹುಡುಗನಿಗೆ ಮೊದಲ ದಿನವೇ ಹೇಳುತ್ತಾನೆ: “ಸಂದಿ ಮ್ಯಾಲ ಸಂದಿ ಬರಬಾರದೋ ತಮ್ಮಾ.” ಅವನ ಕೆಲಸವನ್ನು ಹತ್ತಿರದಿಂದ ನೋಡಬೇಕು. ಇಟ್ಟಂಗಿಯನ್ನು ಮೊದಲು ನೀರಲ್ಲಿ ನೆನೆಹಾಕುತ್ತಾನೆ. ಒಣ ಇಟ್ಟಂಗಿ ಇಟ್ಟರೆ ಅದು ಸಿಮೆಂಟಿನ ನೀರನ್ನೆಲ್ಲ ಕುಡಿದು ಹಿಡಿತ ಕೆಡಿಸುತ್ತದೆ. ಎರಡು ತುದಿಗೆ ಬಿಗಿದ ದಾರದ ಗುಂಟ ಕರಣೆಯಿಂದ ಕಲಸಿದ್ದನ್ನು ಹರವಿ, ಇಟ್ಟಂಗಿ ಇಟ್ಟು, ಕರಣೆಯ ಹಿಡಿಕೆಯಿಂದ ಎರಡು ಬಾರಿ ಕುಟ್ಟಿ, ಹೊರಗೆ ಬಂದದ್ದನ್ನು ಗೀಚಿ ತೆಗೆದು ಮುಂದಿನದಕ್ಕೆ ಕೈ ಹಾಕುತ್ತಾನೆ. ಆಗಾಗ ರಸಮಟ್ಟ ಇಟ್ಟು ನೋಡುತ್ತಾನೆ. ಪ್ರತಿ ಇಟ್ಟಂಗಿಯೂ ಕೆಳಗಿನ ಎರಡರ ಮೇಲೆ ಅರ್ಧರ್ಧ ಕೂರಬೇಕು, ಆಗಲೇ ಭಾರ ಹಂಚಿಹೋಗುತ್ತದೆ. ಸಂದಿಗೆ ಸಂದಿ ಸೇರಿತೆಂದರೆ ಗೋಡೆ ನಾಳೆ ಅಲ್ಲಿಯೇ ಸೀಳುತ್ತದೆ.

ಹಾಗಾಗಿ ಶುಲ್ಬದ ನಿಯಮವನ್ನು ಬರೀ ನಿಯಮ ಎನ್ನಲು ಮನಸ್ಸು ಒಪ್ಪುವುದಿಲ್ಲ. ಕೆಳಗಿರುವುದರ ನೆನಪಿಟ್ಟುಕೊಂಡು ಮೇಲಿನದನ್ನು ಇಡು ಎಂಬ ಎಚ್ಚರ ಅದರೊಳಗಿದೆ. ಚಪ್ಪರ ಸುಟ್ಟುಹೋಗುತ್ತದೆ ಎಂದು ಗೊತ್ತಿದ್ದೂ ಆ ಎಚ್ಚರ ಬಿಡಲಿಲ್ಲವೆಂಬುದು ದೊಡ್ಡ ಸಂಗತಿ.

ಆಟದಲ್ಲಿ ಕೊರತೆಯಾಗುವುದು ಇದೇ. ಅಲ್ಲಿ ಮರಳು, ಜಲ್ಲಿಯಂಥ ಕೆಲವನ್ನು ಬಿಟ್ಟರೆ ಯಾವ ಘನವೂ ಕೆಳಗೆ ಬೀಳುವುದಿಲ್ಲ. ಅಡಿಪಾಯ ಕಿತ್ತು ತೆಗೆದರೂ ಗೋಡೆ ಗಾಳಿಯಲ್ಲಿ ನಿಂತೇ ಇರುತ್ತದೆ. ಇಟ್ಟಿಗೆಯ ಘನದ ಮೇಲೆ ಸಂದಿ ತಪ್ಪಿಸಿದ ಚಿತ್ರವನ್ನು ಬಿಡಿಸಿಯೇ ಇಟ್ಟಿದ್ದಾರೆ, ಘನಗಳು ಮಾತ್ರ ಸಂದಿಗೆ ಸಂದಿ ಸೇರಿಯೇ ಕೂರುತ್ತವೆ. ಮೇಲಿನ ಇಟ್ಟಿಗೆಗೆ ಕೆಳಗಿನದರ ಋಣವಿಲ್ಲ. ಮಗು ಅಲ್ಲಿ ಕಲಿಯುವುದು ನಿಧಾನವನ್ನು, ಆಯ್ಕೆಯನ್ನು, ಎಣಿಕೆಯನ್ನು. ಅದೂ ಸಣ್ಣದಲ್ಲ. ಇಳಕಲ್ ಸೀರೆಯ ಮೇಲೆ ಕಸೂತಿ ಹಾಕುವ ಹೆಣ್ಣುಮಕ್ಕಳು ಮೊದಲೇ ಚಿತ್ರ ಬರೆದುಕೊಳ್ಳದೆ, ಬಟ್ಟೆಯ ಎಳೆ ಎಣಿಸುತ್ತ, ಮುರಿಗಿ ಹೊಲಿಗೆಯ ಮೆಟ್ಟಿಲು ಮೆಟ್ಟಿಲಾಗಿ ಗೋಪುರ ಎಬ್ಬಿಸಿದ್ದು ಇದೇ ಗುಣದಿಂದ. ಒಂದು ಎಳೆ ತಪ್ಪಿದರೆ ಗೋಪುರದ ಕಳಸ ಓರೆಯಾಗುತ್ತದೆ. ಮಗ್ಗದ ಊರಾದ ಬನಹಟ್ಟಿಗೆ ಎಳೆಯ ಬೆಲೆಯನ್ನು ಬೇರೆ ಹೇಳಿಕೊಡಬೇಕಿಲ್ಲ.

ಜಮಖಂಡಿಯಲ್ಲಿ 1886ರ ಜುಲೈ 3ರಂದು ಹುಟ್ಟಿದ ಗುರುದೇವ ರಾ.ದ. ರಾನಡೆಯವರನ್ನು ಇಲ್ಲಿ ನೆನೆಯದೆ ಮುಂದೆ ಹೋಗುವಂತಿಲ್ಲ. ಉಪನಿಷತ್ತುಗಳ ಚಿಂತನೆಯನ್ನು ಒಂದು ಕಟ್ಟಡದಂತೆ ಜೋಡಿಸಿ ತೋರಿಸಿದ ಅವರ ಇಂಗ್ಲಿಷ್ ಗ್ರಂಥ 1926ರಲ್ಲಿ ಬಂತು. ಕನ್ನಡದ ಶರಣರು, ದಾಸರ ಅನುಭಾವದ ಮೇಲೂ ಅವರು ಬರೆದರು. ಪುಸ್ತಕಗಳಷ್ಟೇ ಅವರ ಬದುಕಲ್ಲ. ಬಾಲಕನಾಗಿದ್ದಾಗ, 1901ರಲ್ಲಿ, ಉಮದಿಯ ಭಾವುಸಾಹೇಬ ಮಹಾರಾಜರಿಂದ ನಾಮ ಪಡೆದ ಅವರು 1957ರಲ್ಲಿ ನಿಂಬಾಳದಲ್ಲಿ ದೇಹ ಬಿಡುವವರೆಗೆ ಅದನ್ನು ಬಿಡಲಿಲ್ಲ. ನಾಮಸ್ಮರಣೆಗೆ ರಾಶಿ ಆಜ್ಞೆ ಎಂಬುದಿಲ್ಲ. ಲಕ್ಷ ನಾಮವನ್ನು ಒಂದೇ ಸಲಕ್ಕೆ ಸುರಿಯಲು ಬರುವುದಿಲ್ಲ. ಒಂದು ಉಸಿರಿಗೆ ಒಂದು, ಇನ್ನೊಂದು ಉಸಿರಿಗೆ ಇನ್ನೊಂದು. ಕೈಯಾರೆ ಇಟ್ಟ ಗೋಡೆಗೂ ಆಜ್ಞೆ ಕೊಟ್ಟು ಎಬ್ಬಿಸಿದ ಗೋಡೆಗೂ ಇರುವ ಅಂತರ ಗೋಡೆಯಲ್ಲಿಲ್ಲ, ಇಟ್ಟವನಲ್ಲಿದೆ ಎಂದು ಹೇಳಲು ಈ ಸಾಧನೆಗಿಂತ ಒಳ್ಳೆಯ ಸಾಕ್ಷಿ ಸಿಗಲಾರದು.

ಪಂಢರಪುರಕ್ಕೆ ನಡೆದು ಹೋಗುವ ಈ ಸೀಮೆಯ ವಾರಕರಿಗಳಿಗೆ ಇನ್ನೊಂದು ಇಟ್ಟಂಗಿಯ ಕಥೆ ಬಾಯಿಪಾಠ. ತಂದೆತಾಯಿಯ ಸೇವೆಯಲ್ಲಿದ್ದ ಪುಂಡಲೀಕ, ಬಾಗಿಲಿಗೆ ಬಂದ ದೇವರತ್ತ ಒಂದು ಇಟ್ಟಂಗಿ ಎಸೆದು, ಕೆಲಸ ಮುಗಿಯುವವರೆಗೆ ಅದರ ಮೇಲೆ ನಿಂತಿರು ಎಂದನಂತೆ. ವಿಠಲ ಸೊಂಟದ ಮೇಲೆ ಕೈಯಿಟ್ಟು ಇಂದಿಗೂ ನಿಂತಿದ್ದಾನೆ. ಅಲ್ಲಿ ಗೋಡೆಯಿಲ್ಲ, ವೇದಿಯಿಲ್ಲ, ಮಂತ್ರವೂ ಇಲ್ಲ. ಆ ಒಂದು ಇಟ್ಟಂಗಿಗೆ ಬೆಲೆ ಬಂದದ್ದು ಇನ್ನೊಬ್ಬರ ಸೇವೆಯ ನಡುವೆ ಅದನ್ನು ಇಟ್ಟದ್ದರಿಂದ.

ಕಟ್ಟಿದ್ದು ಉಳಿಯುವುದಿಲ್ಲ ಎಂಬ ಮಾತು ಕೃಷ್ಣೆ, ಘಟಪ್ರಭೆಯ ದಂಡೆಯವರಿಗೆ ವೇದಾಂತವಲ್ಲ, ಅನುಭವ. 2019ರ ಆಗಸ್ಟ್‌ನ ಪ್ರವಾಹದಲ್ಲಿ ಮುಧೋಳ, ಜಮಖಂಡಿ ಕಡೆಯ ಹಳ್ಳಿಗಳ ಮಣ್ಣಿನ ಗೋಡೆಗಳು ನೆನೆದು ಕುಸಿದವು. ಅದಕ್ಕೂ ಮೊದಲು ಆಲಮಟ್ಟಿ ಅಣೆಕಟ್ಟಿನ ಹಿನ್ನೀರು 519.6 ಮೀಟರ್ ಮಟ್ಟಕ್ಕೆ ಏರಿದಾಗ ಬೀಳಗಿ ತಾಲ್ಲೂಕಿನ ಎಷ್ಟೋ ಊರುಗಳು ಪುನರ್ವಸತಿ ಕೇಂದ್ರಗಳಿಗೆ ಎದ್ದುಬಂದವು. ಹಳೆಯ ಮನೆಯ ತೊಲೆ, ಬಾಗಿಲು ಕಿತ್ತು ಹೊತ್ತುತಂದವರುಂಟು. ಆಟದಲ್ಲಿ ಬರಿಗೈಯಲ್ಲಿ ಇಟ್ಟಿಗೆಯ ಘನ ಒಡೆದರೆ ಏನೂ ಕೈಗೆ ಸಿಗುವುದಿಲ್ಲ, ಹಾಳಾದದ್ದು ಹಾಳಾಯಿತು. ಆದರೆ ಮತ್ತೆ ಮಣ್ಣು ಅಗೆಯಬಹುದು. ಊರು ಮುಳುಗಿದವರಿಗೆ ಆ ಮಣ್ಣೇ ಇಲ್ಲ.

ಇದೇ ಕೃಷ್ಣೆಯ ಮೇಲೆ, ಜಮಖಂಡಿ ತಾಲ್ಲೂಕಿನ ಚಿಕ್ಕಪಡಸಲಗಿಯಲ್ಲಿ, ಸಿದ್ದು ನ್ಯಾಮಗೌಡರ ಮುಂದಾಳತ್ವದಲ್ಲಿ ರೈತರು ತಾವೇ ಹಣ ಹಾಕಿ, ಮೈಮುರಿದು ದುಡಿದು 1989ರಲ್ಲಿ ಬ್ಯಾರೇಜ್ ಕಟ್ಟಿದರು. ಅದಕ್ಕೆ ಶ್ರಮಬಿಂದು ಸಾಗರ ಎಂದು ಹೆಸರು. ನ್ಯಾಮಗೌಡರು ‘ಬ್ಯಾರೇಜ್ ಸಿದ್ದು’ ಎಂದೇ ಜನರ ಬಾಯಲ್ಲಿ ಉಳಿದರು. ತನ್ನ ಹೊಲಕ್ಕಷ್ಟೇ ಅಲ್ಲ, ಕೆಳಗಿನವರ ಹೊಲಕ್ಕೂ ನೀರು ನಿಲ್ಲಬೇಕೆಂದು ಒಬ್ಬೊಬ್ಬನೂ ಹೊತ್ತು ಹಾಕಿದ ಕಲ್ಲು ಅದು. ಶುಲ್ಬಕಾರ ಹೇಳಿದ ಎಚ್ಚರ ಇಲ್ಲಿ ಇಟ್ಟಿಗೆಯಿಂದ ಮನುಷ್ಯರಿಗೆ ದಾಟಿದೆ.

ಆಟದ ಇಟ್ಟಿಗೆಗೂ ಇಂಥ ಋಣ ಹುಟ್ಟಲು ಸಾಧ್ಯವಿದೆ. ವಿಶ್ವಸಂಸ್ಥೆಯ ಹ್ಯಾಬಿಟಾಟ್ ವಿಭಾಗ 2012ರಿಂದ ಮೈನ್‌ಕ್ರಾಫ್ಟ್ ತಯಾರಕರ ಜೊತೆ ಸೇರಿ, ನೈರೋಬಿಯ ಕಿಬೇರಾದಂಥ ಬಡ ಬಡಾವಣೆಗಳ ಜನರನ್ನು ಆಟದ ಮುಂದೆ ಕೂರಿಸಿ, ತಮ್ಮ ಮೈದಾನ ಹೇಗಿರಬೇಕೆಂದು ಅವರಿಂದಲೇ ಕಟ್ಟಿಸಿತು. ಬೀಳಗಿಯ ಪುನರ್ವಸತಿ ಕೇಂದ್ರಗಳ ಶಾಲೆಗಳಲ್ಲಿ ಇಂಥದೊಂದು ಆಗಬೇಕು, ಬೇಗ ಆಗಬೇಕು. ಎರಡನೆಯ ಕೃಷ್ಣಾ ನ್ಯಾಯಮಂಡಳಿ 2010ರಲ್ಲಿ ಆಲಮಟ್ಟಿಯ ಮಟ್ಟವನ್ನು 524.256 ಮೀಟರಿಗೆ ಏರಿಸಲು ಒಪ್ಪಿಗೆ ಕೊಟ್ಟಿದೆ. ಏರಿಸಿದ ದಿನ ಇನ್ನಷ್ಟು ಓಣಿಗಳು ನೀರಿಗೆ ಹೋಗುತ್ತವೆ. ಮುಳುಗಿದ ಊರನ್ನು ಕಣ್ಣಾರೆ ಕಂಡವರಿಗೆ ವಯಸ್ಸಾಗುತ್ತಿದೆ. ಮೊಮ್ಮಗ ಮೊಬೈಲ್ ಹಿಡಿದು, ತಾನು ನೋಡದ ಊರಿನ ಓಣಿಯನ್ನು ಒಂದೊಂದೇ ಘನವಾಗಿ ಕಟ್ಟಲಿ. ಪಕ್ಕದಲ್ಲಿ ಕೂತ ಅಜ್ಜಿ ತಿದ್ದಲಿ: “ಬಾಂವಿ ಅಲ್ಲಿ ಅಲ್ಲೋ ಅಪ್ಪೀ, ಹಣಮಪ್ಪನ ಗುಡಿ ಹಿಂದ ಇತ್ತು. ತಗದು ಮತ್ತ ಇಡು.”